ಸೇವೆಗೆ ಹೋದರೆ ಆಯಸ್ಸು ಹೆಚ್ಚುತ್ತದಾ? ಓದುಗರ ಪ್ರಶ್ನೆ, ಡಾಕ್ಟರ ಉತ್ತರ

ಅರವತ್ತು ದಾಟಿದವರು ಸ್ವಯಂಸೇವೆ ಮಾಡಿದರೆ ಮೈಗೆ, ಮನಸ್ಸಿಗೆ ಏನಾಗುತ್ತದೆ ಅಂತ ಕೇಳಿ ಈ ಸಲ ರಾಶಿ ಪತ್ರ ಬಂದಿವೆ. ಕೆಲವರು ತಮಗೋಸ್ಕರ ಕೇಳಿದ್ದಾರೆ, ಇನ್ನು ಕೆಲವರು ಅಪ್ಪ ಅಮ್ಮನ ಪರವಾಗಿ. ಒಂದೇ ಥರದ ಪ್ರಶ್ನೆಗಳನ್ನು ಸೇರಿಸಿದ್ದೇನೆ. ಹೆಸರು ಹಾಕಬೇಡಿ ಅಂತ ಬಹಳ ಜನ ಬರೆದಿದ್ದರಿಂದ ಯಾರ ಹೆಸರನ್ನೂ ಹಾಕಿಲ್ಲ.

ಪ್ರಶ್ನೆ: ಡಾಕ್ಟ್ರೇ, ನನಗೆ 62. ರಿಟೈರ್ ಆಗಿ ಎರಡು ವರ್ಷ ಆಯ್ತು. ಸ್ವಯಂಸೇವೆ ಮಾಡುವವರು ಜಾಸ್ತಿ ವರ್ಷ ಬದುಕುತ್ತಾರೆ ಅಂತ ಎಲ್ಲೋ ಓದಿಕೊಂಡು ಬಂದ ಮಗಳು ದಿನಾ ನನ್ನ ಬೆನ್ನು ಹತ್ತಿದ್ದಾಳೆ. ಇದು ನಿಜವಾ, ಇಲ್ಲಾ ಮನೆಯಲ್ಲಿ ಕೂತ ಅಪ್ಪನನ್ನು ಹೊರಗೆ ಕಳಿಸೋ ಉಪಾಯವಾ?

ಉತ್ತರ: ಉಪಾಯವೂ ಇರಬಹುದು, ಅದನ್ನು ಮಗಳನ್ನೇ ಕೇಳಿ. ಅವಳು ಓದಿದ್ದು ಮಾತ್ರ ಸುಳ್ಳಲ್ಲ. ಆದರೆ ಪೂರ್ತಿ ನಿಜವೂ ಅಲ್ಲ.

ಸ್ವಯಂಸೇವೆ ಮತ್ತು ಆಯಸ್ಸಿನ ಬಗ್ಗೆ ಬೇರೆ ಬೇರೆ ಕಡೆ ಆಗಿದ್ದ ಅಧ್ಯಯನಗಳನ್ನು ಒಟ್ಟಿಗೆ ಇಟ್ಟುಕೊಂಡು ಮಾರಿಸ್ ಒಕುನ್ ಮತ್ತು ಜೊತೆಯವರು 2013ರಲ್ಲಿ ಲೆಕ್ಕ ಹಾಕಿದರು. ಸುಮ್ನೆ ಇವರನ್ನೂ ಅವರನ್ನೂ ಹೋಲಿಸಿದಾಗ, ಸೇವೆ ಮಾಡುವ ಹಿರಿಯರು ಆ ಅಧ್ಯಯನದ ಅವಧಿಯಲ್ಲಿ ತೀರಿಕೊಳ್ಳುವ ಸಾಧ್ಯತೆ ಮಾಡದವರಿಗಿಂತ 47% ಕಡಿಮೆ ಇತ್ತು. ಕೇಳೋಕೆ ಭರ್ಜರಿಯಾಗಿದೆ ಅಲ್ವಾ? ಆದರೆ ಸ್ವಲ್ಪ ಯೋಚಿಸಿ. ಸೇವೆಗೆ ಹೋಗುವವರು ಯಾರು? ಮೊಣಕಾಲು ಗಟ್ಟಿ ಇರುವವರು, ಕಣ್ಣು ಕಿವಿ ನೆಟ್ಟಗಿರುವವರು, ಓದು ಬರಹ ಬಲ್ಲವರು, ತಿಂಗಳ ಖರ್ಚಿನ ಚಿಂತೆ ಇಲ್ಲದವರು. ಹಾಸಿಗೆ ಹಿಡಿದವರು ಹೋಗುವುದಿಲ್ಲ. ಹೋದವರು ಮೊದಲೇ ಗಟ್ಟಿಮುಟ್ಟಾಗಿದ್ದರೆ ಅವರು ಜಾಸ್ತಿ ದಿನ ಬದುಕಿದ್ದಕ್ಕೆ ಸೇವೆಗೆ ಯಾಕೆ ಹೆಸರು ಕೊಡಬೇಕು? ಆದ್ದರಿಂದ ಮೊದಲಿನ ಆರೋಗ್ಯದಂಥ ವಿಷಯಗಳನ್ನೂ ಲೆಕ್ಕಕ್ಕೆ ತೆಗೆದುಕೊಂಡು ನೋಡಿದರು. 47% ಇದ್ದದ್ದು 24%ಗೆ ಇಳಿಯಿತು. ಇಳಿಯಿತು, ಆದರೆ ಸೊನ್ನೆ ಆಗಲಿಲ್ಲ.

2020ರಲ್ಲಿ ಅಮೆರಿಕದ 50 ದಾಟಿದ ಸುಮಾರು 13,000 ಜನರ ಮೇಲೆ ಬಂದ ಇನ್ನೊಂದು ಅಧ್ಯಯನ ನನಗೆ ಹೆಚ್ಚು ಇಷ್ಟ. ಯಾಕೆಂದರೆ ಅದು ಲಾಭ ಆಗಿದ್ದನ್ನು ಮಾತ್ರ ಹೇಳಲಿಲ್ಲ, ಆಗದೇ ಇದ್ದದ್ದನ್ನೂ ಹೇಳಿತು. ವರ್ಷಕ್ಕೆ 100 ಗಂಟೆ, ಅಂದರೆ ವಾರಕ್ಕೆ ಸುಮಾರು ಎರಡು ಗಂಟೆ ಸೇವೆ ಮಾಡಿದವರಲ್ಲಿ ಮುಂದಿನ ನಾಲ್ಕು ವರ್ಷದಲ್ಲಿ ಸಾವಿನ ಅಪಾಯ ಕಡಿಮೆ ಇತ್ತು. ನಡೆಯುವುದು, ಮೆಟ್ಟಿಲು ಹತ್ತುವುದು ಇಂಥ ಕೆಲಸಗಳಲ್ಲಿ ತೊಂದರೆ ಕಡಿಮೆ ಇತ್ತು. ಒಂಟಿತನ, ಹತಾಶೆ ಕಡಿಮೆ. ಬದುಕಿಗೊಂದು ಅರ್ಥ ಇದೆ ಅನ್ನುವ ಭಾವನೆ ಜಾಸ್ತಿ. ಆದರೆ ಸಕ್ಕರೆ ಕಾಯಿಲೆ, ಪಾರ್ಶ್ವವಾಯು, ಕ್ಯಾನ್ಸರ್, ಹೃದ್ರೋಗ, ಸಂಧಿವಾತ, ಬೊಜ್ಜು, ಹಳೆಯ ನೋವು, ಇವುಗಳಲ್ಲಿ ಏನೂ ವ್ಯತ್ಯಾಸ ಕಾಣಲಿಲ್ಲ. ನಿದ್ರೆಯ ತೊಂದರೆಯೂ ಹಾಗೇ ಇತ್ತು.

ಹಾಗಾಗಿ ನನ್ನ ಅಭಿಪ್ರಾಯ ಇಷ್ಟು. ಸೇವೆ ಔಷಧಿಯಲ್ಲ. ಯಾವ ರೋಗವನ್ನೂ ಅದು ವಾಸಿ ಮಾಡುವುದಿಲ್ಲ. ಆದರೆ ರಿಟೈರ್ ಆದ ಮನುಷ್ಯನ ಕೈಯಿಂದ ಒಂದೇ ದಿನದಲ್ಲಿ ಜಾರಿ ಹೋಗುವ ಮೂರು ವಿಷಯಗಳನ್ನು ಅದು ವಾಪಸ್ ಕೊಡುತ್ತದೆ: ಬೆಳಗ್ಗೆ ಎದ್ದು ಹೊರಡೋಕೆ ಒಂದು ಕಾರಣ, ಮನೆಯವರಲ್ಲದ ನಾಲ್ಕು ಜನರ ಜೊತೆ ಮಾತು, ಮತ್ತು ನಾನು ಹೋಗದಿದ್ದರೆ ಅಲ್ಲಿ ಕೆಲಸ ನಿಲ್ಲುತ್ತದೆ ಅನ್ನುವ ಭಾರ. ಆ ಮೂರನೆಯದು ಬಹಳ ಮುಖ್ಯ. ಬರೀ ಅತಿಥಿಯಾಗಿ ಕರೆದು ಮುಂದಿನ ಸಾಲಿನಲ್ಲಿ ಕೂರಿಸಿ ಕಳಿಸುವ ಸಂಸ್ಥೆಗಳಿವೆ, ಅಲ್ಲಿ ನಿಮ್ಮ ಕುರ್ಚಿ ಖಾಲಿ ಇದ್ದರೂ ಯಾರಿಗೂ ಗೊತ್ತಾಗುವುದಿಲ್ಲ. ಅಂಥ ಕಡೆ ಹೋಗಿ ಆರೋಗ್ಯ ಸುಧಾರಿಸಲಿಲ್ಲ ಅಂತ ಮಗಳನ್ನು ಬೈಯಬೇಡಿ.

ಪ್ರಶ್ನೆ: ನನಗೆ 67 ವರ್ಷ. ಹತ್ತು ವರ್ಷದಿಂದ ಬಿಪಿ ಮಾತ್ರೆ ತಗೋತಿದ್ದೀನಿ. ಸಮಾಜಸೇವೆ ಮಾಡಿದರೆ ಬಿಪಿ 40% ಇಳಿಯುತ್ತೆ ಅಂತ ಮೊಬೈಲ್‌ಗೆ ಒಂದು ಮೆಸೇಜ್ ಬಂದಿದೆ. ಸೇವೆಗೆ ಸೇರಿಕೊಂಡರೆ ಮಾತ್ರೆ ನಿಲ್ಲಿಸಬಹುದಾ ಡಾಕ್ಟ್ರೇ?

ಉತ್ತರ: ಬೇಡಮ್ಮ, ದಯವಿಟ್ಟು ನಿಲ್ಲಿಸಬೇಡಿ.

ಆ 40% ಎಲ್ಲಿಂದ ಬಂತು ಅಂತ ಹೇಳುತ್ತೇನೆ. 2013ರಲ್ಲಿ ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದವರು 51ರಿಂದ 91 ವಯಸ್ಸಿನ 1,164 ಜನರ ಮಾಹಿತಿ ನೋಡಿದರು. ವರ್ಷಕ್ಕೆ 200 ಗಂಟೆಯಾದರೂ ಸೇವೆ ಮಾಡಿದವರಿಗೆ ನಾಲ್ಕು ವರ್ಷದ ನಂತರ ಬಿಪಿ ಬಂದಿರುವ ಸಾಧ್ಯತೆ 40% ಕಡಿಮೆ ಇತ್ತು. ಇದರಲ್ಲಿ ಎರಡು ವಿಷಯ ಗಮನಿಸಿ. ಆ ಜನರಿಗೆಲ್ಲ ಶುರುವಿನಲ್ಲಿ ಬಿಪಿ ಇರಲೇ ಇಲ್ಲ. ಅಂದರೆ ಬಾರದ ಹಾಗೆ ತಡೆಯುವ ಮಾತು ಅದು, ಬಂದದ್ದನ್ನು ಇಳಿಸುವ ಮಾತಲ್ಲ. ಎರಡನೆಯದು, ಕಡಿಮೆಯಾಗಿದ್ದು ಬಿಪಿ ಬರುವ ಸಾಧ್ಯತೆ. ಬಿಪಿಯ ಅಂಕಿ ಅಲ್ಲ. ನಿಮಗೆ ಮೆಸೇಜ್ ಕಳಿಸಿದವರು ಇವೆರಡನ್ನೂ ನುಂಗಿಬಿಟ್ಟಿದ್ದಾರೆ.

ಇನ್ನೊಂದು ಮಾತು. ಮೇಲೆ ಹೇಳಿದ 2020ರ ದೊಡ್ಡ ಅಧ್ಯಯನದಲ್ಲಿ ಬಿಪಿ ವಿಷಯದಲ್ಲಿ ಈ ಲಾಭ ಕಾಣಿಸಲೇ ಇಲ್ಲ. ಎರಡು ಅಧ್ಯಯನ ಎರಡು ಮಾತು ಹೇಳಿದಾಗ ಡಾಕ್ಟರಾದವರು ದೊಡ್ಡದರ ಕಡೆಗೇ ವಾಲುತ್ತಾರೆ, ನಾನೂ ಅಷ್ಟೇ.

ಸೇವೆಯಿಂದ ನಿಮ್ಮಂಥವರಿಗೆ ಆಗುವ ಲಾಭ ಬೇರೆ ದಾರಿಯಲ್ಲಿ ಬರುತ್ತದೆ. ಸೇವೆ ಮಾಡುವ ಹಿರಿಯರು ಫ್ಲೂ ಲಸಿಕೆ, ಕೊಲೆಸ್ಟ್ರಾಲ್ ಪರೀಕ್ಷೆ ಇಂಥವನ್ನು ಮಾಡಿಸಿಕೊಳ್ಳುವುದು ಜಾಸ್ತಿ, ಆಸ್ಪತ್ರೆಯಲ್ಲಿ ಕಳೆಯುವ ರಾತ್ರಿಗಳು 38% ಕಡಿಮೆ ಅಂತ 2016ರಲ್ಲಿ ಒಂದು ಅಧ್ಯಯನ ತೋರಿಸಿತು. ನನಗೆ ಇದು ಆಶ್ಚರ್ಯ ಅನಿಸುವುದಿಲ್ಲ. ನಾಳೆ ಬೆಳಗ್ಗೆ ಹತ್ತಕ್ಕೆ ಯಾರೋ ನಮಗೆ ಕಾಯುತ್ತಾರೆ ಅಂತ ಗೊತ್ತಿದ್ದರೆ ರಾತ್ರಿ ಮಾತ್ರೆ ನೆನಪಿನಿಂದ ತಗೋತೀವಿ, ಕಾಲು ಊದಿದ್ದರೆ ಮುಂದೂಡದೆ ತೋರಿಸಿಕೊಂಡು ಬರುತ್ತೀವಿ. ಜೊತೆಯಲ್ಲಿ ಕೆಲಸ ಮಾಡುವವರು ಯಾಕಮ್ಮ ಸಪ್ಪಗಿದ್ದೀರಿ, ಒಂದ್ಸಲ ಡಾಕ್ಟರ ಹತ್ರ ಹೋಗಿ ಬನ್ನಿ ಅನ್ನುತ್ತಾರೆ. ಮನೆಯವರು ಹೇಳಿದರೆ ಕೇಳದವರು ಹೊರಗಿನವರು ಹೇಳಿದರೆ ಕೇಳುತ್ತಾರೆ!

ಸೇವೆಗೆ ಸೇರಿ. ಮಾತ್ರೆ ಮುಂದುವರಿಸಿ. ಆರು ತಿಂಗಳು ಕಳೆದ ಮೇಲೆ ಬಿಪಿ ನಿಜವಾಗಿಯೂ ಕಡಿಮೆ ಬರುತ್ತಿದ್ದರೆ ಡೋಸ್ ಇಳಿಸಬೇಕೋ ಬೇಡವೋ ಅಂತ ನಿಮ್ಮ ಡಾಕ್ಟರು ನೋಡಲಿ.

ಪ್ರಶ್ನೆ: ನಮ್ಮ ಅಮ್ಮನಿಗೆ 70. ಇತ್ತೀಚೆಗೆ ಹೆಸರುಗಳು ಮರೆತು ಹೋಗುತ್ತವೆ, ಚಾವಿ ಎಲ್ಲಿಟ್ಟೆ ಅಂತ ಹುಡುಕುತ್ತಾರೆ. ಡಾಕ್ಟರಿಗೆ ತೋರಿಸಿದೆವು, ವಯಸ್ಸಿನ ಮರೆವು, ಗಾಬರಿ ಬೇಡ ಅಂದರು. ಮೊಬೈಲ್‌ನಲ್ಲಿ ಮೆದುಳಿಗೆ ಕಸರತ್ತು ಕೊಡುವ ಆಟ ಹಾಕಿಕೊಟ್ಟಿದ್ದೇನೆ, ಎರಡೇ ದಿನಕ್ಕೆ ಬೇಜಾರು ಅಂದರು. ಸೇವೆ ಗೀವೆ ಅಂತ ಕಳಿಸಿದರೆ ಉಪಯೋಗ ಆಗುತ್ತಾ?

ಉತ್ತರ: ಮೊದಲು ಡಾಕ್ಟರಿಗೆ ತೋರಿಸಿದ್ದು ಒಳ್ಳೆಯದಾಯಿತು. ಥೈರಾಯ್ಡ್, ಬಿ12 ಕೊರತೆ, ಖಿನ್ನತೆ, ಕಿವಿ ಮಂದವಾಗುವುದು, ಕೆಲವು ನಿದ್ರೆ ಮಾತ್ರೆಗಳು, ಇವೆಲ್ಲ ಮರೆವಿನ ವೇಷದಲ್ಲಿ ಬರುತ್ತವೆ. ಅವನ್ನು ನೋಡದೆ ಸೇವೆಗೆ ಕಳಿಸಿದರೆ ಪ್ರಯೋಜನ ಇಲ್ಲ.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. ಈ ವಿಷಯದಲ್ಲಿ ನನಗೆ ತುಂಬಾ ಇಷ್ಟವಾದ ಪ್ರಯೋಗ ಒಂದಿದೆ, ಸ್ವಲ್ಪ ಉದ್ದಕ್ಕೆ ಹೇಳುತ್ತೇನೆ. ಅಮೆರಿಕದಲ್ಲಿ ಎಕ್ಸ್‌ಪೀರಿಯೆನ್ಸ್ ಕೋರ್ ಅಂತ ಒಂದು ಯೋಜನೆ ತೊಂಬತ್ತರ ದಶಕದಲ್ಲಿ ಶುರುವಾಯಿತು. 60 ದಾಟಿದವರು ಪ್ರಾಥಮಿಕ ಶಾಲೆಗೆ ಹೋಗಿ ಚಿಕ್ಕ ಮಕ್ಕಳಿಗೆ ಓದಲು ಸಹಾಯ ಮಾಡುವುದು, ಗ್ರಂಥಾಲಯ ನೋಡಿಕೊಳ್ಳುವುದು, ಜಗಳ ಆಡದ ಹಾಗೆ ಮಕ್ಕಳನ್ನು ಆಡಿಸುವುದು. ವಾರಕ್ಕೆ 15 ಗಂಟೆ. ಇದರ ಹಿಂದೆ ಇದ್ದ ಲಿಂಡಾ ಫ್ರೈಡ್ ವಯೋವೃದ್ಧರ ಡಾಕ್ಟರು. ಶಾಲೆಗೆ ಸಹಾಯ ಆಗಲಿ, ಜೊತೆಗೆ ಹೋಗುವವರ ಆರೋಗ್ಯವೂ ಸುಧಾರಿಸಲಿ ಅಂತ ಯೋಚಿಸಿ ಕಟ್ಟಿದ್ದು ಅದು. ಆಮೇಲೆ ಬಾಲ್ಟಿಮೋರ್ ನಗರದಲ್ಲಿ 702 ಜನರನ್ನು ತೆಗೆದುಕೊಂಡು ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿದರು. ಒಂದು ಗುಂಪು ಶಾಲೆಗೆ ಹೋಯಿತು, ಇನ್ನೊಂದು ಹೋಗಲಿಲ್ಲ. ಗಟ್ಟಿಮುಟ್ಟಾದವರೇ ಸೇವೆಗೆ ಹೋಗುತ್ತಾರೆ ಅನ್ನುವ ತಕರಾರಿಗೆ ಇಲ್ಲಿ ಜಾಗ ಇಲ್ಲ, ಯಾರು ಹೋಗಬೇಕು ಅಂತ ನಿರ್ಧರಿಸಿದ್ದು ಚೀಟಿ.

ಅದರಲ್ಲಿ ಕೆಲವರ ಮೆದುಳಿನ ಸ್ಕ್ಯಾನ್ ಕೂಡ ಮಾಡಿದರು. ಫಲಿತಾಂಶ 2015ರಲ್ಲಿ ಬಂತು. ವಯಸ್ಸಾದಂತೆ ಎಲ್ಲರ ಮೆದುಳೂ ಸ್ವಲ್ಪ ಸ್ವಲ್ಪ ಕುಗ್ಗುತ್ತದೆ. ಆದರೆ ಎರಡು ವರ್ಷ ಶಾಲೆಗೆ ಹೋದ ಗಂಡಸರಲ್ಲಿ ಗಾತ್ರ ಕುಗ್ಗುವ ಬದಲು 0.7%ರಿಂದ 1.6%ರಷ್ಟು ಹೆಚ್ಚಿತ್ತು. ಹೆಂಗಸರಲ್ಲೂ ಹೆಚ್ಚಿತ್ತು, ಆದರೆ ಇನ್ನೂ ಕಡಿಮೆ. ಹೆಂಗಸರಿಗೆ ಇನ್ನೊಂದು ಲಾಭ ಸಿಕ್ಕಿತು: ಅವರ ದಿನದ ಓಡಾಟ ಜಾಸ್ತಿ ಆಯಿತು. ಇದರಿಂದ ಮರೆವಿನ ರೋಗ ತಪ್ಪುತ್ತದೆ ಅಂತ ಯಾರೂ ಸಾಬೀತು ಮಾಡಿಲ್ಲ, ನಾನೂ ಹಾಗೆ ಹೇಳುವುದಿಲ್ಲ.

ಯಾಕೆ ಹೀಗಾಗುತ್ತದೆ ಅಂತ ತಿಳಿಯಬೇಕಾದರೆ ಶಾಲೆಯಲ್ಲಿ ಮಗುವಿಗೆ ಓದಿಸುವ ಒಂದು ಗಂಟೆಯನ್ನು ಹತ್ತಿರದಿಂದ ನೋಡಿ. ಮನೆಯಿಂದ ಹೊರಡುವಾಗಲೇ ಕನ್ನಡಕ, ಚೀಲ, ಕಳೆದ ವಾರ ಎಲ್ಲಿಗೆ ನಿಲ್ಲಿಸಿದೆವು ಅನ್ನುವ ನೆನಪು, ಮೂರನ್ನೂ ಹೊಂದಿಸಿಕೊಳ್ಳಬೇಕು. ಮೆಟ್ಟಿಲು ಹತ್ತಬೇಕು. ಆರು ಮಕ್ಕಳು ಮುತ್ತಿಕೊಂಡರೆ ಆರೂ ಹೆಸರು ಬಾಯಿಗೆ ಬರಬೇಕು, ತಪ್ಪಿದರೆ ಮಕ್ಕಳೇ ನಕ್ಕು ತಿದ್ದುತ್ತವೆ. ಒಂದು ಮಗು ಒತ್ತಕ್ಷರ ಬಂದ ಕಡೆಯೆಲ್ಲ ನುಂಗುತ್ತದೆ, ಇನ್ನೊಂದು ಚಿತ್ರ ನೋಡಿ ಕಥೆ ಕಟ್ಟಿ ಓದಿದ ಹಾಗೆ ನಟಿಸುತ್ತದೆ. ನೀವು ಪುಸ್ತಕದ ಸಾಲಿನ ಮೇಲೂ ಕಣ್ಣಿಡಬೇಕು, ಮಗುವಿನ ಮುಖದ ಮೇಲೂ. ಬೇಜಾರಾಯ್ತು ಅಂತ ಕಂಡರೆ ಪಾಠ ಬಿಟ್ಟು ಬೇರೇನೋ ಶುರು ಮಾಡಬೇಕು, ಹತ್ತು ನಿಮಿಷ ಕಳೆದು ಬಿಟ್ಟ ಜಾಗಕ್ಕೇ ವಾಪಸ್ ಬರಬೇಕು. ಯೋಜನೆ ಹಾಕುವುದು, ಬದಲಿಸುವುದು, ತಡೆದುಕೊಳ್ಳುವುದು, ನೆನಪಿಟ್ಟುಕೊಳ್ಳುವುದು: ವಯಸ್ಸಾದಂತೆ ಮೊದಲು ಮಂಕಾಗುವ ಸಾಮರ್ಥ್ಯಗಳೇ ಇವು. ಮೊಬೈಲ್ ಆಟದಲ್ಲಿ ಒಂದೋ ಎರಡೋ ಇರುತ್ತವೆ, ಅದೂ ಕುರ್ಚಿಯಲ್ಲಿ ಕೂತು, ಒಬ್ಬರೇ. ನಿಮ್ಮ ಅಮ್ಮನಿಗೆ ಬೇಜಾರಾದದ್ದರಲ್ಲಿ ತಪ್ಪೇನಿಲ್ಲ.

ಹಾಗಂತ ವಾರಕ್ಕೆ 15 ಗಂಟೆ ಅಂತ ಶುರು ಮಾಡಬೇಡಿ. ಅಲ್ಲಿ ತರಬೇತಿ ಕೊಟ್ಟಿದ್ದರು, ಗುಂಪಾಗಿ ಕಳಿಸಿದ್ದರು, ಅಲ್ಪಸ್ವಲ್ಪ ಖರ್ಚಿಗೂ ಕೊಟ್ಟಿದ್ದರು. ಅಮ್ಮನಿಗೆ ವಾರಕ್ಕೊಂದು ದಿನ ಸಾಕು. ಮಕ್ಕಳು ಅಂದರೆ ತಲೆನೋವು ಅನ್ನುವವರಾಗಿದ್ದರೆ ಶಾಲೆ ಬೇಡವೇ ಬೇಡ, ಗ್ರಂಥಾಲಯ, ಗಿಡ ನೆಡುವ ಗುಂಪು, ಪ್ರಾಣಿಗಳ ಆಶ್ರಯ, ಯಾವುದಾದರೂ ಆದೀತು. ನೋಡಬೇಕಾದ್ದು ಒಂದೇ: ಪ್ರತಿ ವಾರ ಹೊಸದೇನಾದರೂ ಎದುರಾಗುತ್ತಾ? ವರ್ಷವಿಡೀ ಲಕೋಟೆಗೆ ಗೋಂದು ಹಚ್ಚುವ ಕೆಲಸವಾದರೆ ಮೆದುಳಿಗೆ ಏನೂ ಸಿಗುವುದಿಲ್ಲ. ಆದರೆ ಪಕ್ಕದಲ್ಲಿ ಕೂತು ಹಚ್ಚುವವರ ಜೊತೆ ಮಾತು ಸಿಗುತ್ತದೆ, ಅದನ್ನೂ ಕಡೆಗಣಿಸಬೇಡಿ.

ಪ್ರಶ್ನೆ: ನಮ್ಮ ಯಜಮಾನರಿಗೆ 69. ಮೂರು ಸಂಘಗಳಲ್ಲಿ ಇದ್ದಾರೆ. ಒಂದರಲ್ಲಿ ಖಜಾಂಚಿ, ಒಂದರಲ್ಲಿ ಕಾರ್ಯದರ್ಶಿ, ಇನ್ನೊಂದರಲ್ಲಿ ಎಲ್ಲವೂ ಅವರೇ. ರಾತ್ರಿ ಹನ್ನೊಂದಕ್ಕೂ ಫೋನ್. ನಿದ್ರೆ ಇಲ್ಲ, ಸಿಡಿಸಿಡಿ ಅನ್ನುತ್ತಾರೆ. ಕೇಳಿದರೆ ಸೇವೆ ಮಾಡಿದರೆ ಆರೋಗ್ಯಕ್ಕೆ ಒಳ್ಳೆಯದು ಅಂತ ನನಗೇ ಪಾಠ ಹೇಳುತ್ತಾರೆ. ನೀವಾದರೂ ಹೇಳಿ.

ಉತ್ತರ: ಈ ಪುಟ ಅವರ ಮುಂದೆ ಇಡಿ.

ಸರ್, ಸೇವೆಯ ಲಾಭ ಗಂಟೆ ಹೆಚ್ಚಿದಂತೆಲ್ಲ ಹೆಚ್ಚುತ್ತಾ ಹೋಗುವುದಿಲ್ಲ. 2003ರಲ್ಲಿ ಬಂದ ಅಮೆರಿಕದ ಒಂದು ಅಧ್ಯಯನದಲ್ಲಿ ವರ್ಷಕ್ಕೆ 100 ಗಂಟೆಯವರೆಗೆ ನೆಮ್ಮದಿ ಏರಿತು, ಆಮೇಲೆ ಅಲ್ಲೇ ನಿಂತಿತು. ಅದಕ್ಕೂ ಮುಂಚೆ, 1999ರಲ್ಲಿ ಬಂದ ಇನ್ನೊಂದು ಅಧ್ಯಯನ ಆಯಸ್ಸನ್ನು ನೋಡಿತು. ಅದರಲ್ಲಿ ಲಾಭ ಕಂಡದ್ದು ಒಂದೇ ಸಂಸ್ಥೆಗೆ ದುಡಿದವರಲ್ಲಿ, ವರ್ಷಕ್ಕೆ 40 ಗಂಟೆಯ ಒಳಗೆ ಮಾಡಿದವರಲ್ಲಿ. ಹಲವು ಕಡೆ ಕೈ ಹಾಕಿದವರಲ್ಲಿ ಅದು ಕಾಣಲಿಲ್ಲ. ಆಸ್ಟ್ರೇಲಿಯಾದಲ್ಲಿ 60 ದಾಟಿದವರ ಮೇಲೆ 2008ರಲ್ಲಿ ಬಂದ ಅಧ್ಯಯನ ಸ್ವಲ್ಪ ಉದಾರ, 800 ಗಂಟೆಯವರೆಗೂ ಪರವಾಗಿಲ್ಲ ಅಂದಿತು. ಅದನ್ನೂ ಮೀರಿ ದುಡಿದವರ ಮನಸ್ಸಿನ ನೆಮ್ಮದಿ ಮಾತ್ರ ಏನೂ ಮಾಡದೆ ಕೂತವರ ಹಾಗೇ ಕೆಳಗಿತ್ತು. 800 ಅಂದರೆ ವಾರಕ್ಕೆ ಹದಿನೈದು ಗಂಟೆ. ನಿಮ್ಮ ಮೂರು ಸಂಘಗಳ ಸಭೆ, ರಸೀದಿ ಪುಸ್ತಕ, ರಾತ್ರಿ ಫೋನ್ ಎಲ್ಲ ಕೂಡಿಸಿ ನೋಡಿ, ಎಷ್ಟಾಗುತ್ತದೆ?

ಮೂರರಲ್ಲಿ ಒಂದನ್ನು ಇಟ್ಟುಕೊಳ್ಳಿ. ಯಾವುದು ಅಂತ ಕೇಳಿದರೆ, ಹೋಗಿ ಬಂದ ಸಂಜೆ ಮೈ ದಣಿದರೂ ಮನಸ್ಸು ಹಗುರಾಗಿರುತ್ತದಲ್ಲ, ಅದು. ಖಜಾಂಚಿ ಕೆಲಸ ಬಿಡುವಾಗ ಲೆಕ್ಕ ಒಪ್ಪಿಸಿ ಸಹಿ ಹಾಕಿಸಿಕೊಂಡು ಬಿಡಿ, ಇಲ್ಲದಿದ್ದರೆ ಬಿಟ್ಟ ಮೇಲೂ ಫೋನ್ ನಿಲ್ಲುವುದಿಲ್ಲ. ನಾನಿಲ್ಲದಿದ್ದರೆ ಸಂಘ ಮುಳುಗುತ್ತದೆ ಅನ್ನುತ್ತೀರಾ? ಮುಳುಗಲಿಕ್ಕಿಲ್ಲ. ಮುಳುಗಿದರೂ ನಿಮ್ಮ ನಿದ್ರೆಗಿಂತ ಅದು ದೊಡ್ಡದಲ್ಲ. ಮೂರು ವಾರಕ್ಕೂ ನಿದ್ರೆ ಸರಿಹೋಗದಿದ್ದರೆ, ಎದೆ ಬಿಗಿ ಬಂದರೆ, ಆಮೇಲೆ ಸಂಘದ ಮಾತು ಬಿಟ್ಟು ಡಾಕ್ಟರನ್ನು ನೋಡಿ. ಎದೆ ಬಿಗಿಗೆ ಮೂರು ವಾರ ಕಾಯಬೇಡಿ, ಅದೇ ದಿನ ಹೋಗಿ.

ಪ್ರಶ್ನೆ: ಡಾಕ್ಟ್ರೇ, ನನ್ನ ಗಂಡನಿಗೆ ಪಾರ್ಶ್ವವಾಯು ಆಗಿ ನಾಲ್ಕು ವರ್ಷ. ಎಬ್ಬಿಸೋದು, ಸ್ನಾನ ಮಾಡಿಸೋದು, ಊಟ ಮಾಡಿಸೋದು ಎಲ್ಲ ನಾನೇ. ಮಧ್ಯಾಹ್ನ ಮೇಲೆ ಮೊಮ್ಮಗನನ್ನೂ ನೋಡಿಕೊಳ್ತೀನಿ, ವಾರದಲ್ಲಿ ಐದು ದಿನ. ಮಗ ಹೇಳ್ತಾನೆ, ಅಮ್ಮ ನೀನು ಯಾವುದಾದರೂ ಸೇವಾ ಸಂಸ್ಥೆಗೆ ಸೇರು, ಆರೋಗ್ಯ ಸುಧಾರಿಸುತ್ತೆ ಅಂತ. ನಾನು ಮಾಡ್ತಿರೋದು ಸೇವೆ ಅಲ್ವಾ? ನನಗೆ 66.

ಉತ್ತರ: ಸೇವೆಯೇ ಅಮ್ಮ. ಎಲ್ಲಕ್ಕಿಂತ ಕಷ್ಟದ ಸೇವೆ. ಆದರೆ ಆರೋಗ್ಯದ ಲೆಕ್ಕದಲ್ಲಿ ಎರಡೂ ಒಂದೇ ಅಲ್ಲ, ಮಗನಿಗೆ ಇದು ಗೊತ್ತಿಲ್ಲ ಅಂತ ಕಾಣುತ್ತದೆ.

ಸ್ವಯಂಸೇವೆಗೆ ನಾಳೆ ಬರಲ್ಲ ಅನ್ನಬಹುದು. ಗಂಡನ ಆರೈಕೆಗೆ ಹಾಗೆ ಅನ್ನೋಕೆ ಆಗಲ್ಲ. ಅಲ್ಲೇ ಇರುವುದು ವ್ಯತ್ಯಾಸ. 1999ರಲ್ಲಿ ಶುಲ್ಜ್ ಮತ್ತು ಬೀಚ್ ಅನ್ನುವ ಇಬ್ಬರು, 66 ದಾಟಿದವರನ್ನು ನಾಲ್ಕು ವರ್ಷ ಗಮನಿಸಿದರು. ಕಾಯಿಲೆಯ ಸಂಗಾತಿಯನ್ನು ನೋಡಿಕೊಳ್ಳುತ್ತಾ ಆ ಹೊರೆಯಿಂದ ಬಳಲುತ್ತಿದ್ದವರಲ್ಲಿ ಸಾವಿನ ಅಪಾಯ 63% ಹೆಚ್ಚಿತ್ತು. ನೋಡಿಕೊಳ್ಳುತ್ತಿದ್ದರೂ ಬಳಲದೇ ಇದ್ದವರಲ್ಲಿ ಹಾಗೆ ಹೆಚ್ಚಿರಲಿಲ್ಲ. ನಿಮ್ಮನ್ನು ಹೆದರಿಸೋಕೆ ಇದನ್ನು ಬರೆಯುತ್ತಿಲ್ಲ, ನಿಮ್ಮ ಮಗ ಓದಲಿ ಅಂತ ಬರೆಯುತ್ತಿದ್ದೇನೆ. ಕೆಟ್ಟದ್ದು ಆರೈಕೆಯಲ್ಲ, ಕೈ ಬದಲಾಗದ ಆರೈಕೆ.

ಮೊಮ್ಮಕ್ಕಳ ವಿಷಯವೂ ಹೀಗೇ. ಬರ್ಲಿನ್ ನಗರದಲ್ಲಿ 70 ದಾಟಿದ 500ಕ್ಕೂ ಹೆಚ್ಚು ಜನರನ್ನು ಬಹಳ ವರ್ಷ ಗಮನಿಸಿದಾಗ, ಆಗಾಗ ಮೊಮ್ಮಕ್ಕಳನ್ನು ನೋಡಿಕೊಂಡವರು ಹೆಚ್ಚು ವರ್ಷ ಬದುಕಿದ್ದರು. ಆಗಾಗ ಅನ್ನುವುದನ್ನು ಮರೆಯಬೇಡಿ, ಪೂರ್ತಿ ಹೊಣೆ ಹೊತ್ತವರನ್ನು ಅದರಲ್ಲಿ ಸೇರಿಸಿರಲೇ ಇಲ್ಲ. ಮೆಲ್ಬರ್ನ್‌ನ ಅಜ್ಜಿಯರ ಮೇಲೆ 2014ರಲ್ಲಿ ಬಂದ ಅಧ್ಯಯನದಲ್ಲಿ ವಾರಕ್ಕೊಂದು ದಿನ ಮೊಮ್ಮಕ್ಕಳನ್ನು ನೋಡಿಕೊಂಡವರು ಜ್ಞಾಪಕದ ಪರೀಕ್ಷೆಯಲ್ಲಿ ಎಲ್ಲರಿಗಿಂತ ಮುಂದೆ. ಐದು ದಿನ ಅಥವಾ ಜಾಸ್ತಿ ನೋಡಿಕೊಂಡವರು ಒಂದು ಪರೀಕ್ಷೆಯಲ್ಲಿ ಹಿಂದೆ ಬಿದ್ದರು. ಚಿಕ್ಕ ಅಧ್ಯಯನ, ಅದನ್ನೇ ಶಾಸನ ಅನ್ನಬೇಕಿಲ್ಲ, ಆದರೆ ನಿಮ್ಮ ಐದು ದಿನದ ಲೆಕ್ಕ ನನಗೆ ಸರಿ ಕಾಣುತ್ತಿಲ್ಲ.

ಮಗನಿಗೆ ನನ್ನ ಉತ್ತರ: ಅಮ್ಮನನ್ನು ಸೇವಾ ಸಂಸ್ಥೆಗೆ ಸೇರಿಸೋದು ಆಮೇಲೆ ನೋಡೋಣ, ಮೊದಲು ನೀವು ಶನಿವಾರ ಬೆಳಗ್ಗೆ ಎಂಟರಿಂದ ಹನ್ನೆರಡು ಅಪ್ಪನ ಪಕ್ಕದಲ್ಲಿರಿ. ಹಾಸಿಗೆಯಲ್ಲಿ ಮಗ್ಗುಲು ಬದಲಿಸೋದು, ಕುರ್ಚಿಗೆ ಎತ್ತಿ ಕೂರಿಸೋದು ಹೇಗೆ ಅಂತ ಒಬ್ಬ ಫಿಸಿಯೋಥೆರಪಿಸ್ಟ್ ಹತ್ತಿರ ಇಬ್ಬರೂ ಕಲಿಯಿರಿ. ಅಮ್ಮನ ಸೊಂಟ ಉಳಿಯುತ್ತದೆ. ಮೊಮ್ಮಗನಿಗೆ ವಾರದಲ್ಲಿ ಎರಡೋ ಮೂರೋ ದಿನ ಬೇರೆ ವ್ಯವಸ್ಥೆ ಮಾಡಿ. ಆ ನಾಲ್ಕು ಗಂಟೆಯಲ್ಲಿ ಅಮ್ಮ ನಿದ್ದೆ ಮಾಡಲಿ, ಗೆಳತಿಯ ಮನೆಗೆ ಹೋಗಲಿ, ಸುಮ್ನೆ ಕೂರಲಿ. ಒಂದು ದಿನ ಅವರಿಗೇ ಅನಿಸಿ, ತಮ್ಮ ಹಾಗೆ ಪಾರ್ಶ್ವವಾಯು ರೋಗಿಯನ್ನು ನೋಡಿಕೊಳ್ಳುವ ಇನ್ನೊಬ್ಬರಿಗೆ ನಾಲ್ಕು ಮಾತು ಹೇಳಿಕೊಡೋಣ ಅಂತ ಹೊರಟರೆ, ಅವರಿಗಿಂತ ಒಳ್ಳೆಯ ಸ್ವಯಂಸೇವಕಿ ಯಾವ ಸಂಸ್ಥೆಗೂ ಸಿಗುವುದಿಲ್ಲ.

ಪ್ರಶ್ನೆ: ಮೊಣಕಾಲು ನೋವು. ಮೂರನೇ ಮಹಡಿಯಿಂದ ಇಳಿಯೋದೇ ಕಷ್ಟ. ಮನೆಯಲ್ಲೇ ಕೂತು ಮಾಡುವ ಸೇವೆಯಿಂದಲೂ ಲಾಭ ಇದೆಯಾ?

ಉತ್ತರ: ಇದೆ. ಹಾಂಗ್ ಕಾಂಗ್‌ನಲ್ಲಿ ಇತ್ತೀಚೆಗೆ ಒಂದು ಜಾಣ ಪ್ರಯೋಗ ಮಾಡಿದರು. ಒಂಟಿತನದಿಂದ ಬಳಲುತ್ತಿದ್ದ 50ರಿಂದ 70ರ ಒಳಗಿನವರಿಗೆ ತರಬೇತಿ ಕೊಟ್ಟು, ಅವರಿಂದಲೇ ಇನ್ನಷ್ಟು ವಯಸ್ಸಾದ ಒಂಟಿ ಜನರಿಗೆ ಫೋನ್ ಮಾಡಿಸಿದರು. ಆರು ತಿಂಗಳಾದಾಗ ಫೋನ್ ಮಾಡುತ್ತಿದ್ದವರ ಒಂಟಿತನವೇ ಕಡಿಮೆಯಾಗಿತ್ತು. ಮನಸ್ಸಿಗೆ ಸಿಗುವ ಲಾಭಕ್ಕೆ ಮೆಟ್ಟಿಲು ಇಳಿಯಲೇಬೇಕು ಅಂತಿಲ್ಲ. ಆದರೆ ಓಡಾಟದ ಲಾಭ ಫೋನಿನಲ್ಲಿ ಸಿಗುವುದಿಲ್ಲ, ಅದಕ್ಕೆ ತೊಡೆಯ ಸ್ನಾಯು ಗಟ್ಟಿ ಮಾಡುವ ವ್ಯಾಯಾಮ ಬೇರೆ ಮಾಡಬೇಕು. ಮೊಣಕಾಲು ನೋವಿಗೂ ಅದೇ ಮದ್ದು.

ಪ್ರಶ್ನೆ: ವಾರಕ್ಕೆರಡು ಸಲ ಸೇವೆಗೆ ಹೋಗುತ್ತೇನೆ, ಅಲ್ಲಿ ಓಡಾಟ ಇರುತ್ತದೆ. ಬೆಳಗಿನ ವಾಕಿಂಗ್ ಬಿಡಬಹುದಾ?

ಉತ್ತರ: ಬೇಡ. ವಿಶ್ವ ಆರೋಗ್ಯ ಸಂಸ್ಥೆ 65 ದಾಟಿದವರಿಗೂ ವಾರಕ್ಕೆ ಕನಿಷ್ಠ 150 ನಿಮಿಷ, ಸ್ವಲ್ಪ ಉಸಿರು ಏರುವಂಥ ಚಟುವಟಿಕೆ ಬೇಕು ಅನ್ನುತ್ತದೆ. ಜೊತೆಗೆ ಬೀಳದ ಹಾಗೆ ಸಮತೋಲನದ ವ್ಯಾಯಾಮ, ವಾರಕ್ಕೆ ಮೂರು ದಿನ. ಸೇವೆಯಲ್ಲಿ ನಿಂತು ಕೂತು ಮಾಡುವ ಓಡಾಟ ಈ ಲೆಕ್ಕಕ್ಕೆ ಪೂರ್ತಿ ಬರುವುದಿಲ್ಲ. ನಡೆದೇ ಹೋಗಿ ನಡೆದೇ ಬಂದರೆ ಅಷ್ಟು ನಿಮಿಷ ಸೇರಿಸಿಕೊಳ್ಳಿ.

ಪ್ರಶ್ನೆ: ಅಮ್ಮ ತೀರಿಕೊಂಡು ಒಂದು ವರ್ಷ ಆಯ್ತು. ಅಪ್ಪನಿಗೆ 73, ಮಾತು ಕಡಿಮೆ, ಮೊದಲಿಂದಲೂ ಜನರ ನಡುವೆ ಇರೋದು ಇಷ್ಟವಿಲ್ಲ. ಒಂದು ಸೇವಾ ಗುಂಪಿಗೆ ಬಲವಂತವಾಗಿ ಸೇರಿಸಿದೆ, ಎರಡು ಸಲ ಹೋಗಿ ಬಿಟ್ಟರು. ಏನು ಮಾಡಲಿ?

ಉತ್ತರ: ಬಲವಂತ ನಿಲ್ಲಿಸಿ. ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ 1957ರಲ್ಲಿ ಶಾಲೆ ಮುಗಿಸಿದ ಸಾವಿರಾರು ಜನರನ್ನು ದಶಕಗಳ ಕಾಲ ಗಮನಿಸುತ್ತಾ ಬಂದಿದ್ದಾರೆ. ಅವರಿಗೆ ವಯಸ್ಸಾದ ಮೇಲೆ ಯಾಕೆ ಸೇವೆಗೆ ಹೋಗುತ್ತೀರಿ ಅಂತ ಕೇಳಿದರು. ಬೇರೆಯವರಿಗೆ ಸಹಾಯ ಆಗಲಿ, ಜನರ ಜೊತೆ ಬೆರೆಯೋಣ ಅಂತ ಹೋದವರಲ್ಲಿ ನಾಲ್ಕು ವರ್ಷದಲ್ಲಿ ಸಾವು ಕಡಿಮೆ. ನನಗೇನು ಸಿಗುತ್ತದೆ ಅಂತ ನೋಡಿ ಹೋದವರಿಗೂ ಹೋಗದೇ ಇದ್ದವರಿಗೂ ವ್ಯತ್ಯಾಸವೇ ಇರಲಿಲ್ಲ. ಮಗ ಬೈಯುತ್ತಾನೆ ಅಂತ ಹೋದವರ ಲೆಕ್ಕ ಅದರಲ್ಲಿ ಇರಲಿಲ್ಲ, ಆದರೆ ಊಹಿಸೋಕೆ ಕಷ್ಟವಿಲ್ಲ.

ಮೊದಲು ಒಂದು ವಿಷಯ ನೋಡಿ. ಅಪ್ಪ ಸರಿಯಾಗಿ ಊಟ ಮಾಡುತ್ತಾರಾ? ತೂಕ ಇಳಿದಿದೆಯಾ? ಬೆಳಗಿನ ಜಾವ ಎಚ್ಚರವಾಗಿ ಮತ್ತೆ ನಿದ್ರೆ ಬರುವುದಿಲ್ಲವಾ? ಮೊದಲು ಇಷ್ಟಪಡುತ್ತಿದ್ದ ರೇಡಿಯೋ, ಪೇಪರ್ ಯಾವುದೂ ಬೇಡವಾಗಿದೆಯಾ? ಎರಡು ವಾರಕ್ಕಿಂತ ಹೆಚ್ಚು ಹೀಗಿದ್ದರೆ ಅದು ಬರೀ ದುಃಖವಲ್ಲ, ಖಿನ್ನತೆ ಇರಬಹುದು. ಬದುಕಿ ಏನು ಪ್ರಯೋಜನ ಅನ್ನುವ ಮಾತು ಬಂದರೆ ಅದೇ ದಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ. ಖಿನ್ನತೆಗೆ ಚಿಕಿತ್ಸೆ ಇದೆ, 73ರಲ್ಲೂ ಕೆಲಸ ಮಾಡುತ್ತದೆ.

ಅದಿಲ್ಲ ಅಂತಾದರೆ, ಮಾತು ಬೇಡದ ಕೆಲಸ ಹುಡುಕಿ. ಮಾತು ಕಡಿಮೆ ಇರುವವರು ಎದುರುಬದುರು ಕೂತು ಮಾತಾಡಲು ಒದ್ದಾಡುತ್ತಾರೆ, ಅಕ್ಕಪಕ್ಕ ನಿಂತು ಕೆಲಸ ಮಾಡುವಾಗ ತಾವಾಗೇ ಬಾಯಿ ಬಿಡುತ್ತಾರೆ. ಹಳೇ ಸೈಕಲ್ ರಿಪೇರಿ, ಪುಸ್ತಕಕ್ಕೆ ಬೈಂಡ್ ಹಾಕುವುದು, ಗಿಡಕ್ಕೆ ಪಾತಿ ಮಾಡುವುದು ಇಂಥವು. ನಿಮ್ಮ ಅಪ್ಪ ಏನು ಕೆಲಸ ಬಲ್ಲವರು ಅಂತ ನೀವು ಬರೆದಿಲ್ಲ. ಅದರಲ್ಲೇ ಉತ್ತರ ಇರಬಹುದು. ಸಹಾಯ ಮಾಡು ಅಂತ ನೀವು ಹೇಳಬೇಡಿ, ಕೈ ಸಾಲದ ಯಾರಾದರೂ ಬಂದು ಅವರನ್ನೇ ಕೇಳಲಿ. ಇದೊಂದು ಸ್ವಲ್ಪ ಬರುತ್ತಾ ನೋಡಿ ಸರ್, ನಮಗ್ಯಾರಿಗೂ ಗೊತ್ತಾಗ್ತಿಲ್ಲ ಅಂತ ಕೇಳಿದರೆ ಎದ್ದು ಬರದ ಮೇಷ್ಟ್ರು, ಮೆಕ್ಯಾನಿಕ್ ಕಡಿಮೆ.

ಪ್ರಶ್ನೆ: ಮುಂದಿನ ತಿಂಗಳಿಂದ ಒಂದು ಆಸ್ಪತ್ರೆಯಲ್ಲಿ ರೋಗಿಗಳಿಗೆ ದಾರಿ ತೋರಿಸುವ ಸೇವೆಗೆ ಹೋಗುತ್ತಿದ್ದೇನೆ. ವಯಸ್ಸು 68, ಸಕ್ಕರೆ ಕಾಯಿಲೆ, ಬಿಪಿ ಎರಡೂ ಇದೆ. ಏನು ಎಚ್ಚರಿಕೆ ಬೇಕು?

ಉತ್ತರ: ಫ್ಲೂ ಲಸಿಕೆ ಮತ್ತು ನ್ಯುಮೋನಿಯಾ ಲಸಿಕೆ ಆಗಿದೆಯಾ ಅಂತ ಡಾಕ್ಟರನ್ನು ಕೇಳಿ, ಆಸ್ಪತ್ರೆ ಅಂದರೆ ಇವೆರಡೂ ಬೇಕು. ಜನ ಕೇಳುವ ಪ್ರಶ್ನೆ ಸರಿಯಾಗಿ ಕೇಳಿಸುತ್ತದಾ ನೋಡಿಕೊಳ್ಳಿ, ಇಲ್ಲದಿದ್ದರೆ ಕಿವಿ ಪರೀಕ್ಷೆ ಮಾಡಿಸಿ, ಯಾಕೆಂದರೆ ಕೇಳಿಸದೆ ತಲೆ ಆಡಿಸುತ್ತಾ ನಿಲ್ಲುವುದು ಬಹಳ ಬೇಗ ದಣಿಸುತ್ತದೆ. ಕಾಲಿನಲ್ಲಿ ಸ್ಪರ್ಶ ಕಡಿಮೆ ಇದ್ದರೆ ಮೆತ್ತನೆಯ ಮುಚ್ಚಿದ ಷೂ ಹಾಕಿ, ಸಂಜೆ ಬಂದು ಪಾದ ತಿರುಗಿಸಿ ನೋಡಿ, ಗುಳ್ಳೆ ಎದ್ದಿದ್ದರೂ ನಿಮಗೆ ಗೊತ್ತಾಗಿರುವುದಿಲ್ಲ. ಕೆಲಸದ ಭರದಲ್ಲಿ ಊಟ ತಪ್ಪಿಸಬೇಡಿ. ಇನ್ಸುಲಿನ್ ಅಥವಾ ಸಕ್ಕರೆ ತೀರಾ ಇಳಿಸುವ ಮಾತ್ರೆ ತಗೋತಿದ್ದರೆ ಜೇಬಿನಲ್ಲಿ ಗ್ಲೂಕೋಸ್ ಇರಲಿ, ಜೊತೆಯವರಿಗೆ ನಿಮ್ಮ ಕಾಯಿಲೆ ಗೊತ್ತಿರಲಿ. ಒಂದೇ ಸಮ ನಿಲ್ಲಬೇಡಿ, ಕುರ್ಚಿ ಕೇಳಿ, ನಾಚಿಕೆ ಬೇಡ. ಮತ್ತೆ, ಬಿಪಿಗೆ ಕೊಡುವ ಕೆಲವು ಮಾತ್ರೆಗಳಿಂದ ಮೂತ್ರ ಜಾಸ್ತಿ ಬರುತ್ತದೆ. ಇದಕ್ಕೆ ಹೆದರಿ ಸೇವೆಯ ದಿನ ಮಾತ್ರೆಯನ್ನೇ ಬಿಡುವವರು, ಬೆಳಗ್ಗೆಯಿಂದ ನೀರೇ ಕುಡಿಯದವರು ನನ್ನ ಕ್ಲಿನಿಕ್‌ಗೆ ಬರುತ್ತಲೇ ಇರುತ್ತಾರೆ. ಎರಡೂ ಮಾಡಬೇಡಿ. ಮಾತ್ರೆಯ ಸಮಯ ಹಿಂದೆ ಮುಂದೆ ಮಾಡಬಹುದಾ ಅಂತ ಡಾಕ್ಟರನ್ನು ಕೇಳಿ, ಮತ್ತು ಶೌಚಾಲಯ ಎಲ್ಲಿದೆ ಅಂತ ಮೊದಲ ದಿನವೇ ನೋಡಿಟ್ಟುಕೊಳ್ಳಿ. ಹೇಗೂ ರೋಗಿಗಳು ನಿಮ್ಮನ್ನು ಕೇಳುವುದೂ ಹೆಚ್ಚಾಗಿ ಅದನ್ನೇ.